ಹತ್ತಕ್ಕೆ ಒಂದು ಕಡಿಮೆ

ಮತದಾನದ ದಿನ ಸಾಲಿನಲ್ಲಿ ನಿಲ್ಲುವವರ ಲೆಕ್ಕಕ್ಕೆ ಮಕ್ಕಳು ಸೇರುವುದಿಲ್ಲ. ತಾಯಿಯ ಸೊಂಟದ ಮೇಲೋ ತಂದೆಯ ಕೈ ಹಿಡಿದೋ ಬಂದಿರುತ್ತವೆ, ಅಷ್ಟೆ. ಆದರೆ ಅಂದು ಆರಿಸಿ ಹೋದವರು ಮಾಡುವ ತೀರ್ಮಾನಗಳನ್ನು ಬದುಕಿನುದ್ದಕ್ಕೂ ಅನುಭವಿಸಬೇಕಾದವು ಈ ಮಕ್ಕಳೇ. ಊರಿನಲ್ಲಿ ಶಾಲೆ ಇರಬೇಕೋ ಮುಚ್ಚಬೇಕೋ, ಪಾಠ ಯಾವ ಭಾಷೆಯಲ್ಲಿ ನಡೆಯಬೇಕು, ಮಧ್ಯಾಹ್ನದ ಊಟಕ್ಕೆ ತಲೆಗೆಷ್ಟು ಹಣ ಎಂಬುದೆಲ್ಲ ಅವುಗಳನ್ನು ಕೇಳದೆಯೇ ನಿಶ್ಚಯವಾಗುತ್ತದೆ. ದೊಡ್ಡವರು ತಮಗಾದ ಅನ್ಯಾಯಕ್ಕೆ ಮುಂದಿನ ಚುನಾವಣೆಯಲ್ಲಿ ಉತ್ತರ ಹೇಳಬಲ್ಲರು. ಆರು ವರ್ಷದ ಮಗು ಹಾಗೆ ಉತ್ತರ ಹೇಳುವ ವಯಸ್ಸಿಗೆ ಬರುವಷ್ಟರಲ್ಲಿ ಮಂತ್ರಿಗಳೂ ಬದಲಾಗಿರುತ್ತಾರೆ, ಅದರ ಶಾಲೆಯ ಕಾಲವೂ ಮುಗಿದಿರುತ್ತದೆ. ಅಂದಮೇಲೆ, ತನ್ನನ್ನು ಗೆಲ್ಲಿಸಲೂ ಸೋಲಿಸಲೂ ಆಗದವರ ಪರವಾಗಿ ಸಭೆಯಲ್ಲಿ ಎದ್ದುನಿಂತು ಸರ್ಕಾರವನ್ನು ಪ್ರಶ್ನಿಸುವ ಹೊಣೆ ಒಬ್ಬ ಶಾಸಕನಿಗೆ ಉಂಟೇ? ಉಂಟಾದರೆ ಅದು ಅವನಿಗೆ ಎಲ್ಲಿಂದ ಬಂತು?

ಇದಕ್ಕೊಂದು ಸುಲಭದ ಉತ್ತರವಿದೆ. ಮಗುವಿಗೆ ಮತವಿಲ್ಲದಿದ್ದರೇನಂತೆ, ತಂದೆತಾಯಿಗಳಿಗೆ ಇದೆಯಲ್ಲ ಎಂಬುದು. ಇದು ಅರ್ಧ ಸತ್ಯ ಮಾತ್ರ. ಆ ತಂದೆತಾಯಿಗಳು ಒಂದೇ ಕಡೆ ನೆಲೆಯೂರಿ, ಒಂದೇ ಕ್ಷೇತ್ರದಲ್ಲಿ ಗುಂಪಾಗಿದ್ದರೆ ಈ ಮಾತು ನಡೆದೀತು. ಕಾಸರಗೋಡಿನ ಕಡೆ ನೋಡಿ. ಕೇರಳದ ಮೊದಲ ವಿಧಾನಸಭೆಗೆ 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶರಾಯರು ಅವಿರೋಧವಾಗಿ ಆರಿಸಿಹೋದರು. ಕನ್ನಡಿಗರು ಒಟ್ಟಾಗಿ ಇದ್ದುದರಿಂದಲೇ ಅದು ಸಾಧ್ಯವಾಯಿತು. ನಮ್ಮ ಹೈದರಾಬಾದಿನ ಸಂಗತಿ ಹಾಗಲ್ಲ. ಕಾಚಿಗುಡದಲ್ಲಿ ನಾಲ್ಕು ಮನೆ, ಸಿಕಂದರಾಬಾದಿನಲ್ಲಿ ಹತ್ತು ಮನೆ, ಕೂಕಟಪಲ್ಲಿಯಲ್ಲಿ ಐದು ಮನೆ ಎಂಬಂತೆ ನಾವು ಚೆದುರಿಹೋಗಿದ್ದೇವೆ. ಲಿಂಗಂಪಲ್ಲಿ ಎಂಬ ಹೆಸರೇ ಈ ಊರಿನಲ್ಲಿ ಎರಡು ಕಡೆ ಇದೆ. ಒಂದು ಕಾಚಿಗುಡದ ಪಕ್ಕದ್ದು, ಇನ್ನೊಂದು ಪಶ್ಚಿಮದ ತುದಿಯಲ್ಲಿ ರೈಲು ನಿಲ್ದಾಣವಿರುವ ಶೇರಿಲಿಂಗಂಪಲ್ಲಿ. ಈ ಎರಡನೆಯದು 2023ರ ಚುನಾವಣೆಯಲ್ಲಿ ತೆಲಂಗಾಣಕ್ಕೆಲ್ಲ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರ. ಮತದಾರರ ಸಂಖ್ಯೆ ಏಳು ಲಕ್ಷದಷ್ಟು. ಅಂಥ ಜನಸಾಗರದಲ್ಲಿ ನಮ್ಮ ಕೆಲವು ನೂರು ಮತಗಳನ್ನು ಯಾರು ಎಣಿಸುತ್ತಾರೆ? ಅವುಗಳ ಹಿಂದಿರುವ ಮಗುವನ್ನಂತೂ ಯಾರು ನೋಡುತ್ತಾರೆ?

ಹಾಗಾದರೆ ಹೊಣೆಯನ್ನು ಮತದಲ್ಲಿ ಹುಡುಕುವುದೇ ತಪ್ಪು. ಅಧಿಕಾರ ಯಾರ ಮೇಲೆ ನಡೆಯುತ್ತದೋ ಅವರಿಗೆ ಲೆಕ್ಕ ಒಪ್ಪಿಸಬೇಕಾದ್ದು ಅಧಿಕಾರದ ಧರ್ಮ. ಅವರು ಕೇಳಬಲ್ಲವರಾದರೂ ಸರಿ, ಕೇಳಲಾರದವರಾದರೂ ಸರಿ. ಕೇಳಲಾರದವರ ವಿಷಯದಲ್ಲಿ ಆ ಧರ್ಮ ಇನ್ನೂ ಹೆಚ್ಚು ಬಿಗಿಯಾಗಬೇಕು. ಅಪ್ರಾಪ್ತ ವಯಸ್ಕನ ಆಸ್ತಿಯನ್ನು ನೋಡಿಕೊಳ್ಳುವ ಪೋಷಕನಿಗೆ ಕೋರ್ಟು ಹೆಚ್ಚು ಕಟ್ಟುನಿಟ್ಟಾದ ಲೆಕ್ಕ ಕೇಳುವುದೂ ಇದೇ ಕಾರಣಕ್ಕೆ. ಸರ್ಕಾರ ಮಕ್ಕಳ ಪೋಷಕನಾದರೆ, ಆ ಪೋಷಕನ ಲೆಕ್ಕವನ್ನು ತನಿಖೆ ಮಾಡಬೇಕಾದ ಜಾಗ ಶಾಸನಸಭೆ.

ಇದು ಕೇವಲ ಆದರ್ಶದ ಮಾತಲ್ಲ. ಇತಿಹಾಸದಲ್ಲಿ ಇದಕ್ಕೆ ಸಾಕ್ಷ್ಯವುಂಟು. ಇಂಗ್ಲೆಂಡಿನ ಪಾರ್ಲಿಮೆಂಟು 1832ರಲ್ಲಿ ಮೈಕೇಲ್ ಸ್ಯಾಡ್ಲರ್ ಅವರ ಸಮಿತಿಯ ಮುಂದೆ, ಎಳೆಯ ವಯಸ್ಸಿನಿಂದ ಬಟ್ಟೆ ಗಿರಣಿಗಳಲ್ಲಿ ದುಡಿದವರನ್ನೇ ಕರೆಸಿ ಸಾಕ್ಷ್ಯ ಪಡೆಯಿತು. ಅವರಿಗೆ ಆಗ ಮತವಿರಲಿಲ್ಲ, ಅವರ ತಂದೆತಾಯಿಗಳಿಗೂ ಇರಲಿಲ್ಲ. ಮರುವರ್ಷವೇ ಬಹುಪಾಲು ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುವ ಕಾಯಿದೆ ಬಂತು. ಕಾಯಿದೆಯ ಜೊತೆಗೆ, ಗಿರಣಿಗಳಿಗೆ ಹೋಗಿ ನೋಡಿ ವರದಿ ಮಾಡಲು ನಾಲ್ವರು ತನಿಖಾಧಿಕಾರಿಗಳೂ ಬಂದರು. ನೋಡುವವರಿಲ್ಲದ ಕಾಯಿದೆ ಕಾಗದವಾಗಿ ಉಳಿಯುತ್ತದೆಂಬುದು ಆ ಕಾಲದವರಿಗೇ ತಿಳಿದಿತ್ತು.

ನಮ್ಮಲ್ಲಿ ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚಿಯಲ್ಲಿ ವೈಸರಾಯರ ಶಾಸನ ಪರಿಷತ್ತಿನ ಮುಂದೆ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಹುಡುಗರಿಗೆ, ಅದೂ ಸ್ಥಳೀಯ ಸಂಸ್ಥೆಗಳು ಒಪ್ಪಿದ ಕಡೆ ಮಾತ್ರ, ಕಡ್ಡಾಯ ಶಿಕ್ಷಣ ಕೊಡಬಹುದೆಂಬ ಅತಿ ವಿನಯದ ಮಸೂದೆ ಅದು. 1912ರ ಮಾರ್ಚಿಯಲ್ಲಿ 13ರ ವಿರುದ್ಧ 38 ಮತಗಳಿಂದ ಅದನ್ನು ತಳ್ಳಿಹಾಕಲಾಯಿತು. ಆದರೂ ಎತ್ತಿದ ಪ್ರಶ್ನೆ ಬಿದ್ದುಹೋಗಲಿಲ್ಲ. ಬರೋಡಾ ಸಂಸ್ಥಾನ 1906ರಲ್ಲಿಯೇ ಆ ದಾರಿ ಹಿಡಿದಿತ್ತು. ನಮ್ಮ ಮೈಸೂರು ಸಂಸ್ಥಾನ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರಲ್ಲಿ ಆಯ್ದ ಸ್ಥಳಗಳಿಗೆ ಕಡ್ಡಾಯ ಶಿಕ್ಷಣದ ಶಾಸನ ಮಾಡಿತು. ಸಭೆಯಲ್ಲಿ ಸೋತ ಪ್ರಶ್ನೆಯೂ ಹೊರಗೆ ಕೆಲಸ ಮಾಡುತ್ತಿರುತ್ತದೆ. ಕೇಳದೆಯೇ ಉಳಿದ ಪ್ರಶ್ನೆಗೆ ಮಾತ್ರ ಆ ಭಾಗ್ಯವಿಲ್ಲ.

ಸ್ವತಂತ್ರ ಭಾರತದ ಕಥೆಯನ್ನು ನೋಡೋಣ. ಸಂವಿಧಾನದ ಕರಡಿನಲ್ಲಿ ಪ್ರತಿಯೊಬ್ಬ ಪ್ರಜೆಯೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಳ್ಳವನು ಎಂಬರ್ಥದ ಮಾತಿತ್ತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆ ಆ ಹಕ್ಕಿನ ಮಾತನ್ನು ತೆಗೆದು, ರಾಜ್ಯವು ಪ್ರಯತ್ನಿಸತಕ್ಕದ್ದು ಎಂದಷ್ಟೇ ಉಳಿಸಿತು. ವಯಸ್ಸನ್ನೂ ಇಳಿಸಬೇಕೆಂಬ ಸೂಚನೆ ಬಂದಾಗ ಡಾಕ್ಟರ್ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ಕಾರ್ಖಾನೆಯ ದುಡಿಮೆಗೆ ಹಚ್ಚಬಾರದೆಂದು ಇನ್ನೊಂದು ವಿಧಿ ಹೇಳುವಾಗ, ದುಡಿಮೆಗಿಲ್ಲದ ಮಗು ಇರಬೇಕಾದ್ದು ಶಾಲೆಯಲ್ಲಿ ತಾನೇ ಎಂಬುದು ಅವರ ವಾದ. ಹೀಗೆ 45ನೆಯ ವಿಧಿ ಹದಿನಾಲ್ಕು ವರ್ಷದವರೆಗೆ ಎಂದೇ ಉಳಿಯಿತು. ಅದಕ್ಕೆ ಹತ್ತು ವರ್ಷದ ಗಡುವೂ ಇತ್ತು. ಆ ಗಡುವು 1960ರ ಜನವರಿಗೆ ಮುಗಿಯಿತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಮೂಲಭೂತ ಹಕ್ಕೇ ಎಂದಿತು. 2002ರಲ್ಲಿ ಸಂವಿಧಾನದ 86ನೆಯ ತಿದ್ದುಪಡಿ, 2009ರಲ್ಲಿ ಕಾಯಿದೆ, 2010ರ ಏಪ್ರಿಲ್ 1ರಿಂದ ಅದರ ಜಾರಿ. ಹತ್ತು ವರ್ಷದ ಮಾತಿಗೆ ಅರುವತ್ತು ವರ್ಷ ಹಿಡಿಯಿತು. ಗಡುವು ಮೀರಿದಾಗ ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇಲ್ಲಿ ಸಾಲ ಕೊಟ್ಟವರು ಮಕ್ಕಳು. ಅವರು ಬೆಳೆದು ಕೂಲಿಗೆ ಹೊರಟುಹೋದರು.

ಆ ಕಾಯಿದೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಕಡ್ಡಾಯ ಎಂಬ ಪದವನ್ನು ಅದು ಸರ್ಕಾರದ ಮೇಲೆ ಹೊರಿಸಿತು. ಮಗುವನ್ನು ಸೇರಿಸಿಕೊಳ್ಳುವುದು, ಅದು ಬರುವಂತೆ ನೋಡಿಕೊಳ್ಳುವುದು, ಓದು ಮುಗಿಸುವಂತೆ ಮಾಡುವುದು ಸರ್ಕಾರಕ್ಕೆ ಕಡ್ಡಾಯ. ಹೀಗೆ ಹೊಣೆ ಹೊತ್ತವರನ್ನು ಕೇಳಲು ಸಭೆಯ ಕೈಯಲ್ಲಿರುವ ಆಯುಧ ಪ್ರಶ್ನೋತ್ತರದ ವೇಳೆ. ಮಂತ್ರಿಗಳು ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದೋ ವಿಷಯ ಪರಿಶೀಲನೆಯಲ್ಲಿದೆ ಎಂದೋ ಹೇಳಿ ಕುಳಿತರೆ ಅದೂ ಒಂದು ಭರವಸೆಯೇ. ಅಂಥ ಭರವಸೆಗಳನ್ನು ಬೆನ್ನುಹತ್ತಲು ಲೋಕಸಭೆ 1953ರಲ್ಲಿಯೇ ಒಂದು ಸಮಿತಿಯನ್ನು ನೇಮಿಸಿಕೊಂಡಿತು. ಮೂರು ತಿಂಗಳಲ್ಲಿ ಭರವಸೆ ಈಡೇರಬೇಕೆಂಬುದು ವಾಡಿಕೆ. ಆಯುಧವೇನೋ ಇದೆ. ಹಿಡಿಯುವ ಕೈ ಬೇಕು.

ಹಿಡಿಯದಿದ್ದಾಗ ಏನಾಗುತ್ತದೆಂಬುದಕ್ಕೆ 2020 ಸಾಕ್ಷಿ. ಮಾರ್ಚಿಯಿಂದ ದೇಶದ ಶಾಲೆಗಳೆಲ್ಲ ಮುಚ್ಚಿದ್ದವು. ಮಕ್ಕಳ ವಿಷಯದಲ್ಲಿ ಕೇಳಬೇಕಾದ್ದು ಬೆಟ್ಟದಷ್ಟಿತ್ತು. ಸೆಪ್ಟೆಂಬರ್ 14ರಂದು ಸೇರಿದ ಸಂಸತ್ತಿನ ಅಧಿವೇಶನದಲ್ಲಿ, ಸಾಂಕ್ರಾಮಿಕದ ಕಾರಣದಿಂದ, ಪ್ರಶ್ನೋತ್ತರದ ವೇಳೆಯನ್ನೇ ಕೈಬಿಡಲಾಯಿತು. ಬರವಣಿಗೆಯ ಉತ್ತರಗಳು ಮಾತ್ರ ಉಳಿದವು. ಅಂಥದೊಂದು ಉತ್ತರದಲ್ಲಿಯೇ, ಊರಿಗೆ ಮರಳುವಾಗ ದಾರಿಯಲ್ಲಿ ಸತ್ತ ವಲಸೆ ಕೂಲಿಕಾರರ ಲೆಕ್ಕ ತನ್ನಲ್ಲಿಲ್ಲವೆಂದು ಕಾರ್ಮಿಕ ಇಲಾಖೆ ಲೋಕಸಭೆಗೆ ತಿಳಿಸಿತು. ಲೆಕ್ಕವಿಲ್ಲ ಎಂಬುದೂ ಒಂದು ಉತ್ತರವೇ. ಯಾರೋ ಕೇಳಿದ್ದರಿಂದಲೇ ಅದು ದೇಶಕ್ಕೆ ಗೊತ್ತಾಯಿತು.

ಈ ಲೆಕ್ಕದ ಮಾತೇ ನಮ್ಮನ್ನು ನಮ್ಮ ಮನೆಯ ವಿಷಯಕ್ಕೆ ತರುತ್ತದೆ. 1956ರ ನವೆಂಬರ್ 1ರಂದು ಹಳೆಯ ಹೈದರಾಬಾದು ಸಂಸ್ಥಾನ ಮೂರು ಹೋಳಾದಾಗ ಬೀದರ, ಕಲಬುರಗಿ, ರಾಯಚೂರುಗಳು ಮೈಸೂರಿಗೆ ಸೇರಿದವು. ರಾಜಧಾನಿಯಲ್ಲಿ ಉಳಿದ ಕನ್ನಡಿಗರು ಒಂದೇ ರಾತ್ರಿಯಲ್ಲಿ ಭಾಷಾ ಅಲ್ಪಸಂಖ್ಯಾತರಾದರು. ಅಂಥವರ ಮಕ್ಕಳಿಗಾಗಿ ಅದೇ ವರ್ಷ ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದವು. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದಿತು. 350ಬಿ ವಿಧಿ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸಿ, ಅವನ ವರದಿಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಿಸಬೇಕೆಂದಿತು. ಅದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಸೂತ್ರವನ್ನು ಒಪ್ಪಿದ್ದರು: ಶಾಲೆಯಲ್ಲಿ 40 ಮಕ್ಕಳಿದ್ದರೆ, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ, ಅವರ ಭಾಷೆಯ ಉಪಾಧ್ಯಾಯರನ್ನು ಕೊಡತಕ್ಕದ್ದು.

ಸೂತ್ರ ಉದಾರವಾದುದೇ. ಅದನ್ನು ಹಳಿಯುವಂತಿಲ್ಲ. ಆದರೆ ತರಗತಿಯಲ್ಲಿ ಒಂಬತ್ತೇ ಮಕ್ಕಳಿದ್ದರೆ? ಹತ್ತನೆಯ ಮಗು ಬರುವವರೆಗೆ ಆ ಒಂಬತ್ತು ಮಕ್ಕಳು ಸೂತ್ರದ ಕಣ್ಣಿಗೆ ಇಲ್ಲ. ಅವುಗಳಲ್ಲಿ ಯಾವುದೂ ತಪ್ಪು ಮಾಡಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಂದು ಮಗು ಹುಟ್ಟಲಿಲ್ಲ, ಅಥವಾ ಹುಟ್ಟಿದ ಮಗುವಿನ ತಂದೆಗೆ ಬೇರೆ ಊರಿಗೆ ವರ್ಗವಾಯಿತು, ಇಷ್ಟೇ ಅವುಗಳ ಅಪರಾಧ.

ಸರ್ಕಾರದ ಕಡೆಯ ಮಾತನ್ನೂ ಕೇಳಬೇಕು. ಎಲ್ಲಾದರೂ ಗೆರೆ ಎಳೆಯಲೇಬೇಕಲ್ಲ. ಮಗುವಿಗೊಬ್ಬ ಉಪಾಧ್ಯಾಯರನ್ನು ಯಾವ ಬೊಕ್ಕಸ ತಾನೇ ಕೊಟ್ಟೀತು? ಈ ಮಾತಿನಲ್ಲಿ ನ್ಯಾಯವಿದೆ. ಸಂಖ್ಯೆ ಪರಿಹಾರದ ರೂಪವನ್ನು ನಿರ್ಧರಿಸಬಹುದು. ಹತ್ತು ಮಕ್ಕಳಿಗೆ ಪೂರ್ಣಕಾಲದ ಉಪಾಧ್ಯಾಯರು, ಮೂರು ಮಕ್ಕಳಿಗೆ ವಾರಕ್ಕೆರಡು ದಿನ ಬರುವವರು, ಒಂದೇ ಮಗುವಿಗೆ ಪುಸ್ತಕ ಮತ್ತು ಪರೀಕ್ಷೆ ಬರೆಯುವ ಅವಕಾಶ, ಹೀಗೆ. ಆದರೆ ಸಂಖ್ಯೆ ಮಗುವನ್ನೇ ಲೆಕ್ಕದಿಂದ ಅಳಿಸಕೂಡದು. ಪರಿಹಾರ ಚಿಕ್ಕದಾಗುವುದು ಬಡತನ. ಮಗು ಕಾಣದೆ ಹೋಗುವುದು ಅನ್ಯಾಯ. ಶಾಸನಸಭೆ ಕಾಯಬೇಕಾದ್ದು ಈ ಎರಡರ ನಡುವಣ ಗೆರೆಯನ್ನು.

ಇನ್ನೊಂದು ಸೂಕ್ಷ್ಮವುಂಟು. ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಪಠ್ಯಪುಸ್ತಕ ಪಕ್ಕದ ರಾಜ್ಯದಿಂದ ಬರಬೇಕಾಗಬಹುದು, ಅದು ತಡವಾಗಬಹುದು. ನಿವೃತ್ತರಾದವರ ಜಾಗ ಖಾಲಿ ಉಳಿಯಬಹುದು. ಹಾಗಾದಾಗ ತಂದೆತಾಯಿಗಳು ಒಂದೆರಡು ವರ್ಷ ಕಾದು, ಮಗುವಿನ ಭವಿಷ್ಯಕ್ಕೆ ಹೆದರಿ, ಬೇರೆ ಶಾಲೆಗೆ ಸೇರಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿಯುತ್ತದೆ. ಆಗ ಮಕ್ಕಳಿಲ್ಲವಾದ್ದರಿಂದ ಉಪಾಧ್ಯಾಯರ ಅಗತ್ಯವಿಲ್ಲ ಎಂಬ ಟಿಪ್ಪಣಿ ಬೀಳುತ್ತದೆ. ಉಪೇಕ್ಷೆಯೇ ತನಗೆ ಬೇಕಾದ ಪುರಾವೆಯನ್ನು ಹುಟ್ಟಿಸಿಕೊಳ್ಳುವ ಬಗೆ ಇದು. ಆದ್ದರಿಂದ ಸಭೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆಂದು ಕೇಳಿದರೆ ಸಾಲದು. ಎಷ್ಟು ಮಕ್ಕಳು ಬಂದು ಹೋದರು, ಯಾವ ವರ್ಷ ಹೋದರು, ಆ ವರ್ಷ ಆ ಶಾಲೆಗೆ ಪುಸ್ತಕ ಎಂದು ತಲುಪಿತು, ಉಪಾಧ್ಯಾಯರಿದ್ದರೇ ಎಂದು ಕೇಳಬೇಕು. ಒಳ್ಳೆಯ ಪ್ರಶ್ನೆ ಅಂಕಿಯನ್ನು ಕೇಳಿ ಸುಮ್ಮನಾಗದೆ ಆ ಅಂಕಿಯ ಹುಟ್ಟನ್ನೂ ಕೇಳುತ್ತದೆ.

ಇಷ್ಟರವರೆಗೆ ಓದುಗರು ತಲೆದೂಗಿರಬಹುದು, ಏಕೆಂದರೆ ಇದು ನಮ್ಮದೇ ಮಕ್ಕಳ ಮಾತು. ಇನ್ನು ಹೇಳುವುದು ಅಷ್ಟು ಹಿತವಾಗಲಿಕ್ಕಿಲ್ಲ. ಬೀದರಿನ ಕಡೆಯ ರೈಲುಗಳು ಹೈದರಾಬಾದು ಸೇರುವ ದಾರಿಯಲ್ಲಿ ಲಿಂಗಂಪಲ್ಲಿ ಬರುತ್ತದೆ. ಅಲ್ಲಿ ಗಂಟುಮೂಟೆಯೊಂದಿಗೆ ಇಳಿಯುವ ಕುಟುಂಬಗಳನ್ನು ನಾವೆಲ್ಲ ನೋಡಿದ್ದೇವೆ. ಬೀದರ, ಕಲಬುರಗಿ, ಯಾದಗಿರಿಗಳ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ, ಇಲ್ಲವೇ ಮಳೆ ಕೈಕೊಟ್ಟ ವರ್ಷ, ಕಟ್ಟಡದ ಕೆಲಸಕ್ಕೆ ಬರುವವರು ಅವರು. ಜೊತೆಗೆ ಮಕ್ಕಳು. ಆ ಮಕ್ಕಳ ನುಡಿಯೂ ಕನ್ನಡವೇ. ಅವುಗಳ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಮಾತ್ರ ಇಲ್ಲಿ ಜಲ್ಲಿಕಲ್ಲಿನ ರಾಶಿಯ ಪಕ್ಕದಲ್ಲಿರುತ್ತದೆ. ಕರ್ನಾಟಕದ ವಿಧಾನಸಭೆಯಲ್ಲಿ ಕೇಳಿದರೆ ಮಗು ದಾಖಲಾಗಿದೆ ಎಂದು ಉತ್ತರ ಬಂದೀತು. ತೆಲಂಗಾಣದ ವಿಧಾನಸಭೆಯಲ್ಲಿ ಕೇಳಿದರೆ ಆ ಮಗು ನಮ್ಮ ಪಟ್ಟಿಯಲ್ಲಿಲ್ಲ ಎಂದು ಬಂದೀತು. ಎರಡು ಉತ್ತರಗಳೂ ಕಾಗದದ ಮೇಲೆ ಸತ್ಯ. ಎರಡರ ನಡುವೆ ಮಗು ಮಾತ್ರ ಶಾಲೆಯಲ್ಲಿಲ್ಲ.

ಕಾಯಿದೆ ಇಲ್ಲಿ ಮೌನವಾಗಿಲ್ಲವೆಂಬುದನ್ನು ಗಮನಿಸಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 9ನೆಯ ಪ್ರಕರಣ, ತನ್ನ ಎಲ್ಲೆಯೊಳಗೆ ವಾಸಿಸುವ ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಸ್ಥಳೀಯ ಸಂಸ್ಥೆ ಇಡಬೇಕೆಂದೂ, ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಬೇಕೆಂದೂ ವಿಧಿಸಿದೆ. ಯಾವ ರಾಜ್ಯದ ಮಗು, ಯಾವ ಭಾಷೆಯ ಮಗು ಎಂದು ಅದು ಕೇಳುವುದಿಲ್ಲ. ವಾಸ ಎಲ್ಲಿಯೋ ಹೊಣೆ ಅಲ್ಲಿ. ಆದರೂ ಈ ಹೊಣೆಯನ್ನು ನೆನಪಿಸಲು ಆ ತಂದೆತಾಯಿಗಳಿಗೆ ಇಲ್ಲಿ ಮತವಿಲ್ಲ. ಮತವಿರುವ ಊರಿಗೆ ಅವರು ಚುನಾವಣೆಯ ದಿನ ಹೋದಾರೆಂಬ ಖಾತ್ರಿಯೂ ಇಲ್ಲ. ಮಗುವಿಗೆ ಮತವಿಲ್ಲದಿದ್ದರೇನು, ತಂದೆಗಿದೆಯಲ್ಲ ಎಂಬ ಸುಲಭದ ಉತ್ತರ ಪೂರ್ತಿ ಮುರಿದುಬೀಳುವುದು ಇಲ್ಲಿ.

ನಮ್ಮ ಸಂಘಸಂಸ್ಥೆಗಳು ರಾಜ್ಯೋತ್ಸವ, ನಾಡಹಬ್ಬಗಳನ್ನು ಮಾಡುತ್ತವೆ. ಕನ್ನಡ ಶಾಲೆಗಾಗಿ ಮನವಿ ಕೊಡುತ್ತವೆ. ಇದೆಲ್ಲ ಬೇಕಾದ್ದೇ. ಆದರೆ ಹೊರನಾಡಿನಲ್ಲಿ ಕನ್ನಡದ ಮಗು ಎಂದಾಗ ನಮ್ಮ ಕಣ್ಣೆದುರು ಬರುವುದು ಯಾರು? ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕೆಲಸವಿರುವವರ ಮಗುವೇ, ಕಟ್ಟಡದ ನೆರಳಿನಲ್ಲಿ ತಮ್ಮನನ್ನು ಆಡಿಸುತ್ತ ಕುಳಿತ ಹುಡುಗಿಯೇ? ಮೊದಲನೆಯ ಮಗುವಿಗೆ ಕನ್ನಡ ತಪ್ಪಿದರೆ ಒಂದು ನಷ್ಟ. ಎರಡನೆಯದಕ್ಕೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ, ಇಂಗ್ಲಿಷೂ ಇಲ್ಲ, ಅಕ್ಷರವೇ ತಪ್ಪುತ್ತದೆ. ಹತ್ತಕ್ಕೆ ಒಂದು ಕಡಿಮೆ ಎಂದು ಸರ್ಕಾರವನ್ನು ದೂರುವ ನಾವು, ನಮ್ಮ ಲೆಕ್ಕದಲ್ಲಿ ಆ ಹುಡುಗಿಯನ್ನು ಸೇರಿಸಿದ್ದೇವೆಯೇ? ಸೇರಿಸಿದ್ದರೆ ಎಷ್ಟೋ ಕಡೆ ಹತ್ತು ತುಂಬುತ್ತಿತ್ತೋ ಏನೋ.

ನಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸಿ, ಪರರ ಮಕ್ಕಳಿಗೆ ಕನ್ನಡ ಕೇಳುವುದು ಯಾವ ನ್ಯಾಯ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪಣೆ ಸರಿಯಾದುದೇ. ಮಾಧ್ಯಮವನ್ನು ಆರಿಸುವುದು ಸರ್ಕಾರದ ಬಲವಂತಕ್ಕೆ ಒಳಪಡದೆಂದು ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ ಮೊಕದ್ದಮೆಯಲ್ಲಿಯೇ ಹೇಳಿದೆ. ಆದರೆ ಆರಿಸುವ ಸ್ವಾತಂತ್ರ್ಯ ಇರಬೇಕಾದರೆ ಆರಿಸಲು ಎರಡಾದರೂ ಇರಬೇಕು. ನಾವು ಕೇಳಬೇಕಾದ್ದು ಬಲವಂತವನ್ನಲ್ಲ, ಮುಚ್ಚದ ಬಾಗಿಲನ್ನು. ಹಾಗೆ ಕೇಳುವಾಗ ಇನ್ನೊಂದು ಮಾತನ್ನೂ ನೆನೆಯಬೇಕು. ಇಲ್ಲಿ ಕನ್ನಡದ ಮಗುವಿಗೆ ಸಲ್ಲುವುದು ಬಳ್ಳಾರಿಯಲ್ಲಿ ತೆಲುಗಿನ ಮಗುವಿಗೆ, ಬೆಳಗಾವಿಯಲ್ಲಿ ಮರಾಠಿಯ ಮಗುವಿಗೆ, ಕೋಲಾರದ ಚಿನ್ನದ ಗಣಿಯಲ್ಲಿ ತಮಿಳಿನ ಮಗುವಿಗೆ, ಕಲಬುರಗಿಯಲ್ಲಿ ಉರ್ದುವಿನ ಮಗುವಿಗೆ ಸಲ್ಲಬೇಕು. 2018ರಲ್ಲಿ ತೆಲಂಗಾಣ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ಮಾಡಿದಾಗ ನಮ್ಮಲ್ಲಿ ಆತಂಕಪಟ್ಟವರು, 2015ರಲ್ಲಿ ಕರ್ನಾಟಕ ಕನ್ನಡವನ್ನು ಹಾಗೆಯೇ ಮಾಡಿದಾಗ ಅಲ್ಲಿನ ಅಲ್ಪಸಂಖ್ಯಾತರಿಗೆ ಏನನಿಸಿತೆಂದು ಯೋಚಿಸಿದ್ದೆವೇ? ನೆಲದ ಭಾಷೆಯನ್ನು ಕಲಿಯುವುದು ಮಗುವಿಗೆ ಒಳ್ಳೆಯದೇ. ಅದು ತಾಯ್ನುಡಿಯ ಜೊತೆಗೆ ಬರಬೇಕು, ತಾಯ್ನುಡಿಯ ಜಾಗಕ್ಕೆ ಬರಬಾರದು. ನಮ್ಮ ಮಗುವಿಗೊಂದು, ಅವರ ಮಗುವಿಗೊಂದು ಎಂಬ ನೀತಿ ನೀತಿಯೇ ಅಲ್ಲ.

ಮೊದಲ ಪ್ರಶ್ನೆಗೆ ಬರೋಣ. ಶಾಸಕನಿಗೆ ಹೊಣೆ ಉಂಟು, ನಿಜ. ಆದರೆ ಅವನು ಸರ್ವಜ್ಞನಲ್ಲ. ಯಾವ ಬೀದಿಯ ಯಾವ ಕಟ್ಟಡದ ಬಳಿ ಎಷ್ಟು ಮಕ್ಕಳು ಶಾಲೆಯಿಲ್ಲದೆ ಇದ್ದಾರೆಂಬುದು ಅವನಿಗೆ ತಾನಾಗಿ ತಿಳಿಯದು. ಸಭೆಯ ಪ್ರಶ್ನೆ ಸಭೆಯಲ್ಲಿ ಹುಟ್ಟುವುದಿಲ್ಲ. ಮಗುವಿನ ಹತ್ತಿರ ಇದ್ದು, ನೋಡಿ, ಎಣಿಸಿ, ಬರೆದುಕೊಟ್ಟವರ ಕೈಯಲ್ಲಿ ಹುಟ್ಟುತ್ತದೆ. ಲೋಕಸಭೆಯಲ್ಲಿ ಅರ್ಜಿಗಳ ಸಮಿತಿಯೆಂಬುದೊಂದಿದೆ. ಸಾಮಾನ್ಯ ಪ್ರಜೆಯೂ ಅದರ ಮುಂದೆ ಹೋಗಬಹುದು. ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗೆ ಪತ್ರ ಬರೆಯಬಹುದು. ಅವರ ವರದಿಗಳನ್ನು ಸದನದಲ್ಲಿ ಇಟ್ಟರೆ ಸಾಲದು, ಓದಿ ಕೇಳಬೇಕು ಎಂದು ನಮ್ಮ ಸಂಸದರಿಗೆ ನೆನಪಿಸಬಹುದು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ನಾಲ್ಕು ಜನ ಸದಸ್ಯರು ಎರಡು ಭಾನುವಾರ ನಡೆದಾಡಿ ತಮ್ಮ ಬಡಾವಣೆಯ ಕಟ್ಟಡಗಳ ಬಳಿ ಇರುವ ಮಕ್ಕಳನ್ನು ಕನ್ನಡದಲ್ಲಿ ಮಾತನಾಡಿಸಿ, ಎಷ್ಟು ಜನ, ಯಾವ ವಯಸ್ಸು, ಯಾವ ತರಗತಿಗೆ ಓದು ನಿಂತಿತು ಎಂದು ಬರೆದುಕೊಂಡರೆ ಒಂದು ಪುಟವಾಗುತ್ತದೆ. ಆ ಪುಟ ಇಲ್ಲಿನ ಶಾಸಕರಿಗೂ, ಆ ಮಕ್ಕಳ ಊರಿನ ಶಾಸಕರಿಗೂ ಹೋಗಲಿ. ಎರಡು ಸಭೆಗಳಲ್ಲಿ ಒಂದೇ ಪ್ರಶ್ನೆ ಎದ್ದರೆ, ಎರಡು ಹಾಜರಿ ಪುಸ್ತಕಗಳ ನಡುವೆ ಬಿದ್ದುಹೋದ ಮಗುವನ್ನು ಯಾವುದಾದರೂ ಒಂದು ಪುಸ್ತಕ ಎತ್ತಿಕೊಳ್ಳಲೇಬೇಕಾಗುತ್ತದೆ. ಲೆಕ್ಕ ಕೊಡುವುದು ಸರ್ಕಾರದ ಕೆಲಸ, ಲೆಕ್ಕ ಕೇಳುವುದು ಸಭೆಯ ಕೆಲಸ. ಲೆಕ್ಕಕ್ಕೆ ಸಿಗದವರನ್ನು ತೋರಿಸಿಕೊಡುವುದು ನಮ್ಮ ಕೆಲಸ.